ಶಿಖರ ಕಂಡಿತು ಸರಿ, ಅದು ನಿಂತಿದೆಯೋ ನಡೆಯುತ್ತಿದೆಯೋ?

ಕಾರವಾರ, ಹೊನ್ನಾವರ, ಶಿರಸಿ ಕಡೆಯ ಕಾಲೇಜುಗಳಲ್ಲಿ ಭೌತವಿಜ್ಞಾನ ಓದಿ ಆಕ್ಸೈಡುಗಳ ಮೇಲೆ ಸಂಶೋಧನೆಗೆ ಇಳಿದ ಹುಡುಗ ಹುಡುಗಿಯರ ರಿಕ್ಸ್ ಗ್ರಾಫುಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ರಿಕ್ಸ್ ಎಂದರೆ ವಸ್ತುವಿಗೆ ಎಕ್ಸ್‌ರೇ ಬಿಟ್ಟು, ಚದುರಿ ಬರುವಾಗ ಅದು ಎಷ್ಟು ಶಕ್ತಿ ಕಳೆದುಕೊಂಡಿತು ಎಂದು ನೋಡುವ ವಿಧಾನ. ಒಂದೇ ಒಂದು ಶಕ್ತಿಯ ಎಕ್ಸ್‌ರೇ ಬಿಟ್ಟು ತೆಗೆದ ಸ್ಪೆಕ್ಟ್ರಮ್, ಅದರಲ್ಲಿ 2 ಎಲೆಕ್ಟ್ರಾನ್‌ವೋಲ್ಟ್ (ಇವಿ) ಹತ್ತಿರ ಒಂದು ಶಿಖರ, ಅದರ ಮೇಲೊಂದು ಬಾಣ, ಪಕ್ಕದಲ್ಲಿ 'ಡಿ-ಡಿ ಎಕ್ಸೈಟೇಶನ್' ಎಂಬ ಬರಹ, ಅಂದರೆ ಲೋಹದ ಪರಮಾಣುವಿನ ಎಲೆಕ್ಟ್ರಾನ್ ಒಂದು ಡಿ ಕಕ್ಷೆಯಿಂದ ಇನ್ನೊಂದು ಡಿ ಕಕ್ಷೆಗೆ ಜಿಗಿದ ಗುರುತು ಎಂದು. ಇರಬಹುದು. ಆದರೆ ಒಂದೇ ಸ್ಪೆಕ್ಟ್ರಮ್ ಹಿಡಿದು ಹಾಗೆನ್ನಲು ಬರುವುದಿಲ್ಲ.

ತಾಮ್ರದ ಆಕ್ಸೈಡನ್ನೇ ತೆಗೆದುಕೊಳ್ಳಿ. ಎಲ್3 ಎಡ್ಜ್, ಅಂದರೆ ಒಳಪದರದ 2ಪಿ ಎಲೆಕ್ಟ್ರಾನು ಎಕ್ಸ್‌ರೇ ಹೀರತೊಡಗುವ ಶಕ್ತಿ, ಸುಮಾರು 931 ಇವಿ. ಅಷ್ಟು ಶಕ್ತಿಯ ಫೋಟಾನ್ ಒಳಹೋಗಿ 2ಪಿ ಎಲೆಕ್ಟ್ರಾನನ್ನು 3ಡಿಗೆ ಎತ್ತುತ್ತದೆ. ಖಾಲಿ ಜಾಗ ತುಂಬುವಾಗ ಇನ್ನೊಂದು ಫೋಟಾನ್ ಹೊರಬರುತ್ತದೆ. ಒಳಹೋದದ್ದರಲ್ಲಿ ಹೊರಬಂದದ್ದನ್ನು ಕಳೆದರೆ ಸಿಗುವುದು ನಷ್ಟ. ಗ್ರಾಫಿನ ಅಡ್ಡ ಅಕ್ಷದಲ್ಲಿರುವುದು ಈ ನಷ್ಟವೇ. ಎಡವುವುದೂ ಇಲ್ಲೇ, ಏಕೆಂದರೆ ನಷ್ಟ ಎಂಬುದು ಅಳೆದ ಸಂಖ್ಯೆಯಲ್ಲ, ಕಳೆದು ಪಡೆದ ಸಂಖ್ಯೆ.

ಕಾರವಾರದ ಬೈತಖೋಲದಿಂದ ಹೊರಟ ಬೋಟೊಂದು ದೇವಗಡ ದ್ವೀಪ ದಾಟಿ ಪಡುವಣಕ್ಕೆ ಹೋಗುತ್ತಿದೆ ಎನ್ನಿ. ಹಿಂದೆ ಹಗ್ಗಕ್ಕೆ ಕಟ್ಟಿದ ಪಾತಿದೋಣಿ ಇದೆ, ಅದರಾಚೆ ದ್ವೀಪದ ದೀಪಸ್ತಂಭ. ಬೋಟು ಎಷ್ಟು ದೂರ ಹೋದರೂ ಪಾತಿದೋಣಿಗಿರುವ ಅಂತರ ಹಗ್ಗದಷ್ಟೇ. ದೀಪಸ್ತಂಭದ ಅಂತರ ಮಾತ್ರ ಬೋಟು ಸಾಗಿದಷ್ಟೂ ಬೆಳೆಯುತ್ತದೆ. ಒಳಹೋಗುವ ಶಕ್ತಿ ಬೋಟು, ನಷ್ಟ ಎಂಬುದು ಅಂತರ. ಒಂದು ಕ್ಷಣದ ಫೋಟೋದಲ್ಲಿ ಎರಡೂ ಬೋಟಿನ ಹಿಂದೆಯೇ ಇರುತ್ತವೆ. ಯಾವುದು ಹಗ್ಗಕ್ಕೆ ಕಟ್ಟಿದ್ದು, ಯಾವುದು ಬಂಡೆಯ ಮೇಲಿನದು ಎಂದು ತಿಳಿಯಲು ಬೋಟು ಮುಂದೆ ಹೋಗಲೇಬೇಕು.

ಲೆಕ್ಕದಲ್ಲಿ ನೋಡಿ. 931 ಇವಿ ಬಿಟ್ಟಾಗ 929ರಲ್ಲಿ ಶಿಖರ ಬಂತು, ನಷ್ಟ 2. ಈಗ 932 ಬಿಡಿ. ಹೊರಬಂದದ್ದು 930 ಆದರೆ ನಷ್ಟ ಇನ್ನೂ 2. ಶಿಖರ ನಿಂತಿದೆ, ಅದು ರಾಮನ್ ಬಗೆಯದು, ಡಿ-ಡಿ ಎಂದು ವಾದಿಸಲು ಆಧಾರ ಸಿಕ್ಕಿತು. ಹೊರಬಂದದ್ದು 929ರಲ್ಲೇ ಉಳಿದರೆ ನಷ್ಟ 3 ಆಯಿತು; ಶಿಖರ ನಡೆಯಿತು, ಅದು ಫ್ಲೋರೆಸೆನ್ಸ್ ಬಗೆಯದು, ಒಳಹೋದದ್ದು ಬದಲಾದರೂ ತನ್ನದೇ ಶಕ್ತಿಯಲ್ಲಿ ಹೊರಬರುವಂಥದ್ದು.

ಈ ಗೊಂದಲ ಹೊಸದಲ್ಲ. 1923ರಲ್ಲಿ ಕಲ್ಕತ್ತೆಯಲ್ಲಿ ರಾಮನ್ ಅವರ ಶಿಷ್ಯ ಕೆ. ಆರ್. ರಾಮನಾಥನ್ ನೀರಿನಲ್ಲಿ ಚದುರಿದ ಬೆಳಕಿನೊಡನೆ ಇನ್ನೊಂದು ಮಸುಕು ಬೆಳಕು ಕಂಡಾಗ, ಅದನ್ನು ಕಶ್ಮಲದಿಂದ ಬಂದ ದುರ್ಬಲ ಫ್ಲೋರೆಸೆನ್ಸ್ ಎಂದೇ ಬಗೆದಿದ್ದರು. ಎಷ್ಟು ಶುದ್ಧ ಮಾಡಿದರೂ ಅದು ಹೋಗಲಿಲ್ಲ. ಅದು ಫ್ಲೋರೆಸೆನ್ಸಲ್ಲ, ಈಗ ರಾಮನ್ ಪರಿಣಾಮ ಎನ್ನುವ ಬೇರೆಯೇ ಬೆಳಕು ಎಂದು ಖಚಿತವಾದದ್ದು 1928ರಲ್ಲಿ.

ಇಲ್ಲೊಂದು ಎಚ್ಚರ. ನಡೆಯುವ ಶಿಖರವೆಲ್ಲ ಕಸವಲ್ಲ. ನಿಕಲೇಟಿನಂಥ (ನಿಕಲ್ ಇರುವ ಆಕ್ಸೈಡು), ಎಲೆಕ್ಟ್ರಾನುಗಳು ಓಡಾಡಿಕೊಂಡಿರುವ ವಸ್ತುಗಳಲ್ಲಿ ಎರಡೂ ಬಗೆ ಜತೆಗಿರುತ್ತವೆ, ನಡೆಯುವ ಭಾಗವೂ ಬ್ಯಾಂಡುಗಳ, ಅಂದರೆ ಆ ಎಲೆಕ್ಟ್ರಾನುಗಳಿರುವ ಶಕ್ತಿಯ ಪಟ್ಟಿಗಳ, ವಿಷಯ ಹೇಳುತ್ತದೆ. ಕೆಲವೊಮ್ಮೆ ಎಡ್ಜಿನವರೆಗೆ ನಿಂತ ಶಿಖರ ಎಡ್ಜ್ ದಾಟಿದ ಮೇಲೆ ನಡೆಯತೊಡಗುತ್ತದೆ. ಹಾಗಾಗಿ ಎರಡೇ ಶಕ್ತಿಗಳೂ ಸಾಲವು, ಹಲವು ಶಕ್ತಿಗಳ ಸ್ಪೆಕ್ಟ್ರಮ್‌ಗಳನ್ನು ಸಾಲಾಗಿ ಜೋಡಿಸಿದ ನಕ್ಷೆಯೇ ಬೇಕು.

ಮೊದಲು ಅದೇ ಸ್ಯಾಂಪಲ್ಲಿನ ಹೀರಿಕೆ ಸ್ಪೆಕ್ಟ್ರಮ್ ತೆಗೆದು ಎಲ್3 ಶಿಖರ ಗುರುತಿಸಿ. ಬೇರೆಯವರ ಪ್ರಬಂಧದ ಸಂಖ್ಯೆ ನಕಲು ಮಾಡಬೇಡಿ. ಬೇಕಾದ ಶಕ್ತಿಯ ಎಕ್ಸ್‌ರೇ ಆರಿಸಿಕೊಡುವ ಮಾನೊಕ್ರೊಮೇಟರಿನ ಕ್ಯಾಲಿಬ್ರೇಶನ್ ಒಂದು ಬೀಮ್‌ಲೈನಿನಿಂದ (ಎಕ್ಸ್‌ರೇ ಪ್ರಯೋಗ ಕೇಂದ್ರ) ಇನ್ನೊಂದಕ್ಕೆ ಬದಲಾಗುತ್ತದೆ, ಅರ್ಧ ಇವಿ ತಪ್ಪಿದರೂ ಅನುರಣನ (ರೆಸೊನೆನ್ಸ್) ಕೈತಪ್ಪುತ್ತದೆ. ಆಮೇಲೆ ಎಕ್ಸ್‌ರೇ ಹಾಯುವ ಸೀಳು (ಸ್ಲಿಟ್) ಅಗಲಿಸಿ, ರೆಸಲ್ಯೂಶನ್ ಬಿಟ್ಟುಕೊಟ್ಟು, ಶಿಖರಕ್ಕಿಂತ 2 ಇವಿ ಕೆಳಗಿನಿಂದ 5 ಇವಿ ಮೇಲಿನವರೆಗೆ 0.25ರ ಹೆಜ್ಜೆಯಲ್ಲಿ ಹೋಗಿ. 29 ಬಿಂದು, ತಲಾ ಐದು ನಿಮಿಷ, ಹೆಚ್ಚೆಂದರೆ ಎರಡೂವರೆ ಗಂಟೆ. ಎಂಟು ಗಂಟೆಯ ಪಾಳಿಯಲ್ಲಿ ಇಷ್ಟು ಸಮಯ 'ಹಾಳು' ಎಂದು ಉಳಿಸುವವರು ಉಳಿದ ಐದೂವರೆ ಗಂಟೆಯ ಅರ್ಥವನ್ನೇ ಕಳೆದುಕೊಳ್ಳುತ್ತಾರೆ.

ದೀರ್ಘ ಅಳತೆಯನ್ನು ಹತ್ತು ನಿಮಿಷಗಳ ತುಂಡುಗಳಾಗಿ ತೆಗೆಯಿರಿ. ಯಂತ್ರ ನಿಧಾನವಾಗಿ ಸರಿಯುತ್ತಿರುತ್ತದೆ, ತುಂಡುಗಳನ್ನು ಹೊಂದಿಸಿದ ಮೇಲೆಯೇ ಕೂಡಿಸಬೇಕು. ಸೊನ್ನೆ ನಷ್ಟದ ಜಾಗಕ್ಕೆ ಸ್ಯಾಂಪಲ್ಲಿನ ಇಲಾಸ್ಟಿಕ್ ಗೆರೆಯನ್ನು (ಶಕ್ತಿ ಕಳೆದುಕೊಳ್ಳದೆ ಚದುರಿದ್ದು) ನಂಬಬೇಡಿ, ಅದರ ಹೆಗಲಿಗೆ ಫೋನಾನ್, ಅಂದರೆ ಪರಮಾಣುಗಳ ಕಂಪನ, ಅಂಟಿರುತ್ತದೆ. ಪಕ್ಕದಲ್ಲೊಂದು ಕಾರ್ಬನ್ ಟೇಪ್ ಅಂಟಿಸಿ, ಅದನ್ನು ಅಳೆದುಕೊಳ್ಳಿ.

ಯಾವ ನಕ್ಷೆಯೂ ಹಿಡಿಯಲಾರದ ತಪ್ಪೊಂದು ನಮ್ಮ ಕರಾವಳಿಯ ಗಾಳಿಯಲ್ಲೇ ಇದೆ. ಲ್ಯಾಂಥನಮ್ ಮತ್ತು ತಾಮ್ರ ಎರಡೂ ಇರುವ ಆಕ್ಸೈಡ್ ಮಾಡುವಾಗ ಬೆರೆಸುವ ಲ್ಯಾಂಥನಮ್ ಆಕ್ಸೈಡ್ ಪುಡಿ ತೇವ ಹೀರಿ ಹೈಡ್ರಾಕ್ಸೈಡ್ ಆಗುತ್ತದೆ. ಪೂರ್ತಿ ಹಾಗಾದರೆ ತಕ್ಕಡಿ ತೋರಿಸುವ 10 ಗ್ರಾಮಿನಲ್ಲಿ ಆಕ್ಸೈಡ್ ಇರುವುದು ಬರೀ 8.58 ಗ್ರಾಂ. ಲ್ಯಾಂಥನಮ್ ಕಡಿಮೆಯಾಗಿ ತಾಮ್ರ ಹೆಚ್ಚಾಗುತ್ತದೆ, ಮಿಕ್ಕ ಬರೀ ತಾಮ್ರದ ಆಕ್ಸೈಡ್ ಪೆಲೆಟ್ಟಿನಲ್ಲೇ (ಒತ್ತಿ ಮಾಡಿದ ಬಿಲ್ಲೆ) ಉಳಿಯುತ್ತದೆ. ಅದಕ್ಕೂ 2 ಇವಿ ಆಸುಪಾಸಿನಲ್ಲೇ ಡಿ-ಡಿ ಶಿಖರ. ಅದೂ ನಿಂತೇ ಇರುತ್ತದೆ. ಆದ್ದರಿಂದ ಪುಡಿಯನ್ನು ರಾತ್ರಿಯಿಡೀ 900ರಿಂದ 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿ, ಡೆಸಿಕೇಟರಿನಲ್ಲಿ ಆರಿಸಿ, ತೆಗೆದ ಕೂಡಲೇ ತೂಗಿ. ಜುಲೈ ತಿಂಗಳಾದರೆ ತೂಗುವ ಮೊದಲು ಸಿಲಿಕಾ ಜೆಲ್ ಇನ್ನೂ ನೀಲಿಯಾಗಿದೆಯೇ ನೋಡಿ. ಗುಲಾಬಿಯಾಗಿದ್ದರೆ ಜೆಲ್ಲನ್ನು ಒಣಗಿಸಿ, ಪುಡಿಯನ್ನು ಮತ್ತೆ ಕುಲುಮೆಗೆ ಹಾಕಿ.