ಥ್ರೆಶೋಲ್ಡ್ ಅಂದ್ರೆ ಯಾವ ಥ್ರೆಶೋಲ್ಡು?

ಲಾಜಿಸ್ಟಿಕ್ ರಿಗ್ರೆಶನ್ನಿಗೆ (ಹೌದು-ಇಲ್ಲ ಅನ್ನೋ ಥರದ ಫಲಿತಾಂಶದ ಸಂಭವ ಲೆಕ್ಕ ಹಾಕೋ ಮಾಡೆಲ್) ಪವರ್ ಸಿಮ್ಯುಲೇಶನ್ ಮಾಡೋವಾಗ, ಅಂದ್ರೆ ನಿಜವಾಗ್ಲೂ ಇರೋ ವ್ಯತ್ಯಾಸ ನಮ್ಮ ಪರೀಕ್ಷೇಲಿ ಸಿಕ್ಕೋ ಸಂಭವ ಎಷ್ಟು ಅಂತ ಸುಳ್ಳು ಡೇಟಾ ಎಬ್ಬಿಸಿ ನೋಡೋವಾಗ, "ಥ್ರೆಶೋಲ್ಡ್ ಎಷ್ಟಿಡ್ಲಿ" ಅಂತ ನಾನೂ ಕೇಳ್ದೋನೇ. ಥ್ರೆಶೋಲ್ಡ್ ಅಂದ್ರೆ ದಾಟೋ ಗೆರೆ, ಆದ್ರೆ ಆ ಒಂದು ಶಬ್ದಕ್ಕೆ ಇಲ್ಲಿ ಎರಡು ಅರ್ಥ, ಎರಡೂ ಕಲಸಿಹೋದ್ರೆ ಲೆಕ್ಕ ಪೂರಾ ಹಾಳು.

ನಮ್ಮ ಶಿರಸಿ ಕಡೆ ಅಡಿಕೆ ಕೊಳೆರೋಗಾನೇ ತಗೊಳ್ಳಿ. ಬೋರ್ಡೊ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಸಿದ 100 ಮರ, ಹೊಡೆಸದೇ ಬಿಟ್ಟ 100 ಮರ (ಈ ಮಳೇಲಿ ಯಾರು ಹಾಗೇ ಬಿಡ್ತಾರೆ, ಇರ್ಲಿ, ಲೆಕ್ಕಕ್ಕೆ). ಹೊಡೆಸಿದ್ದಕ್ಕೆ ಕೊಳೆ ಬರೋ ಸಂಭವ 0.10, ಹೊಡೆಸದ್ದಕ್ಕೆ 0.25 ಅಂದ್ಕೊಳ್ಳಿ. ಆಡ್ಸ್ ಲೆಕ್ಕದಲ್ಲಿ (ಕೊಳೆ ಬರದಿರೋದು ಎಷ್ಟಕ್ಕೆ ಬರೋದು ಎಷ್ಟು ಅಂತ) 9ಕ್ಕೆ 1, 3ಕ್ಕೆ 1, ಹಾಗಾಗಿ ಇವೆರಡರ ಅನುಪಾತ, ಅಂದ್ರೆ ಆಡ್ಸ್ ರೇಶಿಯೋ, ಸರಿಯಾಗಿ 3. ಈಗ ಕಂಪ್ಯೂಟರೊಳಗೆ ಒಂದು ಸುಳ್ಳು ತೋಟ ಎಬ್ಬಿಸ್ಬೇಕು, ಮರಮರಕ್ಕೂ ಕೊಳೆ ಬಂದ್ರೆ 1, ಬರದಿದ್ರೆ 0. ನಾನು ಎಡವಿದ್ದು ಇಲ್ಲೇ, ಸಂಭವ 0.5 ದಾಟಿದ್ರೆ 1 ಇಲ್ಲಾಂದ್ರೆ 0 ಅಂತ ಬರ್ದುಬಿಟ್ಟೆ. 0.10ನೂ 0.25ನೂ ಎರಡೂ 0.5ರ ಕೆಳಗೇ ಅಲ್ವಾ, 200 ಮರದಲ್ಲಿ ಒಂದಕ್ಕೂ ಕೊಳೆ ಇಲ್ಲ, ಪವರ್ ಸೊನ್ನೆ! ನಿಜವಾಗ್ಲೂ ಹಾಗಿದ್ದಿದ್ರೆ ಮರ ಹತ್ತಿ ಔಷಧಿ ಹೊಡೆಯೋ ಕೊನೆಗೌಡನ್ನ ಹುಡ್ಕೊಂಡು ಅಲೆಯೋ ಕಷ್ಟನೇ ಇರ್ತಿರ್ಲಿಲ್ಲ.

ಮಾಡ್ಬೇಕಾದ್ದು ಏನಂದ್ರೆ, ಮರಕ್ಕೊಂದರ ಹಾಗೆ 0ಯಿಂದ 1ರ ಒಳಗೆ ರ‍್ಯಾಂಡಮ್ ನಂಬರ್ ಎತ್ತೋದು, ಅದು ಆ ಮರದ ಸಂಭವಕ್ಕಿಂತ ಕಡಿಮೆ ಬಂದ್ರೆ ಕೊಳೆ. ಆಗ ಹೊಡೆಸದ 100ರಲ್ಲಿ ಒಂದ್ಸಲ 22, ಮತ್ತೊಂದ್ಸಲ 29, ತೋಟದಲ್ಲಿ ವರ್ಷ ವರ್ಷ ಆಗೋ ಹಾಗೇ. 0.5 ಅನ್ನೋ ಗೆರೆ ಮಾಡೆಲ್ ಕಟ್ಟಿದ್ಮೇಲೆ ಈ ಮರ ಆ ಕಡೆಯೋ ಈ ಕಡೆಯೋ ಅಂತ ವಿಂಗಡಿಸೋರಿಗೆ, ಪವರಿಗೂ ಅದಕ್ಕೂ ಸಂಬಂಧ ಇಲ್ಲ.

ಪವರಿಗೆ ಬೇಕಾದ ಥ್ರೆಶೋಲ್ಡ್ ಆಲ್ಫಾ, ಅಂದ್ರೆ ವ್ಯತ್ಯಾಸ ಇಲ್ಲದಾಗ್ಲೂ ಇದೆ ಅಂತ ತಪ್ಪಾಗಿ ಹೇಳೋಕೆ ಎಷ್ಟು ಅವಕಾಶ ಕೊಡ್ತೀವಿ ಅನ್ನೋ ಗೆರೆ, ಸಾಮಾನ್ಯವಾಗಿ 0.05. ತೋಟ ಎಬ್ಬಿಸು, ಮಾಡೆಲ್ ಫಿಟ್ ಮಾಡು, ಬೋರ್ಡೊದ ಪಿ ವ್ಯಾಲ್ಯೂ (ಬೋರ್ಡೊದಿಂದ ಏನೂ ಆಗದಿದ್ರೂ ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ಅಂತರ ಕಾಣೋ ಸಂಭವ) 0.05ರ ಕೆಳಗೆ ಬಂತಾ ನೋಡು, ಹೀಗೇ 1000 ಸಲ. ಎಷ್ಟು ಸಲ ಬಂತೋ ಅದರ ಪಾಲೇ ಪವರ್, ನಮ್ಮ ಈ 200 ಮರಕ್ಕೆ ನೂರಕ್ಕೆ 80ರ ಆಸುಪಾಸು ಸಿಗತ್ತೆ. ಬರೀ 100 ಸಲ ಓಡಿಸಿ ನಿಲ್ಸಿದ್ರೆ ಈ ಸಂಖ್ಯೆನೇ 7-8 ಆಚೀಚೆ ಓಲಾಡತ್ತೆ, ಸೋಮಾರಿತನ ಬೇಡ.

ಕೋಡ್ ಸರಿ ಇದ್ಯಾ ಅಂತ ನೋಡೋಕೆ ವ್ಯತ್ಯಾಸನೇ ಇಲ್ಲದ ಹಾಗೆ ಎರಡೂ ಕಡೆ 0.10 ಇಟ್ಟು ಓಡಿಸಿ. ಆಲ್ಫಾ 0.05 ಆದ್ರಿಂದ ನೂರಕ್ಕೆ ಸುಮಾರು 5 ಬರ್ಬೇಕು, ಒಂಚೂರು ಕಡಿಮೆ ಬಂದ್ರೂ ಅಡ್ಡಿಲ್ಲ, 20 ಬಂದ್ರೆ ಮಾತ್ರ ಎಲ್ಲೋ ತಪ್ಪಿದೆ.