ಪುಟ್ಟ ಯುಕುಲೇಲಿ, ದುಬಾರಿ ಚಿಪ್ಪು

1920ರ ದಶಕದ, ಮಾರ್ಟಿನ್ ಕಂಪನಿಯ 5ಕೆ ಎಂಬ ಮಾದರಿಯ ಯುಕುಲೇಲಿ ಮಾರಾಟಕ್ಕೆ ಬಂತು ಅಂದರೆ ಸಾವಿರಾರು ಡಾಲರ್ ಕೊಡಲು ಜನ ಮುಗಿಬೀಳುತ್ತಾರೆ. ನಾಲ್ಕು ತಂತಿ, ಮೊಳಕ್ಕಿಂತ ಚೂರು ಉದ್ದದ ವಾದ್ಯ, ಅಷ್ಟೇ. ಅದೇ ಕಂಪನಿಯ ಅದೇ ಕಾಲದ ಸಾದಾ ಯುಕುಲೇಲಿ ಎಷ್ಟೋ ಅಗ್ಗ. ನಾದದಲ್ಲಿ ಅಷ್ಟು ಅಂತರವೇನೂ ಇಲ್ಲ. ದುಡ್ಡು ಹೋಗುವುದು ಮೈಮೇಲಿನ ಕುಸುರಿಗೆ.

ಈ ಕುಸುರಿ ಶುರುವಾದದ್ದು ಹವಾಯಿಯಲ್ಲಿ. 1879ರ ಆಗಸ್ಟ್‌ನಲ್ಲಿ ರೇವನ್ಸ್‌ಕ್ರಾಗ್ ಎಂಬ ಹಡಗು ಪೋರ್ಚುಗಲ್‌ನ ಮಡೈರಾ ದ್ವೀಪದಿಂದ ಹೊನೊಲುಲುಗೆ ಬಂತು. ಕಬ್ಬಿನ ತೋಟದ ಕೂಲಿಗೆಂದು ಬಂದವರಲ್ಲಿ ಮೂವರು ಮರಗೆಲಸದವರಿದ್ದರು: ಮ್ಯಾನುಯೆಲ್ ನುನೆಸ್, ಆಗಸ್ಟೊ ದಿಯಾಸ್, ಜೋಸ್ ದೊ ಎಸ್ಪಿರಿಟೊ ಸಾಂಟೊ. ತಮ್ಮೂರಿನ ಪುಟ್ಟ ಗಿಟಾರನ್ನೇ ಅವರು ಅಲ್ಲಿನ ಕೋವಾ ಮರದಲ್ಲಿ ಮಾಡತೊಡಗಿದರು; ಅದೇ ಯುಕುಲೇಲಿ ಆಯಿತು. ದೊರೆ ಕಲಾಕೌವಾಗೆ ಅದು ಹಿಡಿಸಿತು. ಅರಮನೆಗೆ ಹೊಕ್ಕ ವಾದ್ಯ ಊರಿಗೆಲ್ಲ ಬೇಕಾಯಿತು.

ಆಗಿನ ಅಲಂಕಾರ ಅಂದರೆ ಮುಖ್ಯವಾಗಿ ಹಗ್ಗದ ಅಂಚು. ತಿಳಿ ಬಣ್ಣದ ಮತ್ತು ಕಪ್ಪು ಮರದ ತೆಳು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಓರೆಯಾಗಿ ಸೀಳಿದರೆ ಹುರಿ ಹೊಸೆದಂತೆ ಕಾಣುವ ಪಟ್ಟಿ ಸಿಗುತ್ತದೆ. ಅದನ್ನು ಬಗ್ಗಿಸಿ ವಾದ್ಯದ ಅಂಚಿಗೆ ಕೂರಿಸುತ್ತಿದ್ದರು. ನಮ್ಮ ಮೈಸೂರಿನ ಬೀಟೆ ಮರದ ಕುಸುರಿ ನೋಡಿದವರಿಗೆ ಇದರ ತಾಳ್ಮೆ ಗೊತ್ತಾಗುತ್ತದೆ.

1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪನಾಮಾ-ಪೆಸಿಫಿಕ್ ವಸ್ತುಪ್ರದರ್ಶನ ನಡೆಯಿತು. ಹವಾಯಿಯ ಮಂಟಪದಲ್ಲಿ ಯುಕುಲೇಲಿ ಕೇಳಿದ ಅಮೆರಿಕನ್ನರಿಗೆ ಅದರ ಹುಚ್ಚೇ ಹಿಡಿಯಿತು. ಹೊನೊಲುಲುವಿನ ಜೋನಾ ಕುಮಲಾಯೆ ಅಲ್ಲಿ ಚಿನ್ನದ ಪದಕ ಗೆದ್ದು, ಅದನ್ನು ತನ್ನ ವಾದ್ಯಗಳ ತಲೆಯ ಮೇಲೇ ಅಚ್ಚು ಹಾಕಿಸಿದ. ಆ ಅಚ್ಚು ಕಂಡರೆ ವಾದ್ಯ 1915ರ ನಂತರದ್ದು ಅಂತ ಇವತ್ತಿನ ಸಂಗ್ರಾಹಕರು ಥಟ್ಟನೆ ಹೇಳುತ್ತಾರೆ. ಇನ್ನೊಂದು ಕಡೆ ಅಮೆರಿಕದ ಕಾರ್ಖಾನೆಗಳೂ ಹವಾಯಿ ಹೆಸರಿಟ್ಟು ವಾದ್ಯ ಮಾರತೊಡಗಿದವು. ಕಳವಳಗೊಂಡ ಹವಾಯಿಯವರು ಅಸಲಿ ಮಾಲಿಗೆ ‘ಟಾಬು’ ಮುದ್ರೆ ಒತ್ತಿದರು. ಮುದ್ರೆಯಿಂದ ಪೈಪೋಟಿ ನಿಲ್ಲುತ್ತದೆಯೇ? ನಿಲ್ಲಲಿಲ್ಲ.

ಪೆನ್ಸಿಲ್ವೇನಿಯಾದ ನಜರೆತ್ ಊರಿನ ಮಾರ್ಟಿನ್ ಕಂಪನಿ 1922ರಲ್ಲಿ 5ಕೆ ತಂದಿತು. ಅಲೆಯಲೆಯಾದ ಗೆರೆಗಳಿರುವ ಕೋವಾ ಮರ. ಅದರ ಅಂಚಿಗೆ, ನಾದದ ರಂಧ್ರದ ಸುತ್ತ ಅಬಲೋನ್ ಎಂಬ ಕಡಲ ಜೀವಿಯ ಚಿಪ್ಪಿನ ಪಟ್ಟಿ. ಮರದಲ್ಲಿ ಸಣ್ಣ ಕಾಲುವೆ ಕೊರೆದು, ಚಿಪ್ಪಿನ ಚೂರುಗಳನ್ನು ಒಂದರ ಪಕ್ಕ ಒಂದು ಕೂರಿಸಬೇಕು. ಬೆಳಕಿಗೆ ಓರೆ ಮಾಡಿದರೆ ಹಸಿರು, ನೀಲಿ, ಗುಲಾಬಿ ಓಡಾಡುತ್ತದೆ. ಸಾದಾ ಮಾದರಿಗಿಂತ ಬೆಲೆ ಹಲವು ಪಟ್ಟು ಜಾಸ್ತಿ, ಹಾಗಾಗಿ ಕೊಂಡವರು ಕಮ್ಮಿ. ಮೇಲಿಂದ 1929ರ ಆರ್ಥಿಕ ಕುಸಿತ. ಇವತ್ತಿನ ಅಪರೂಪಕ್ಕೆ ಅಂದಿನ ಮಂದ ವ್ಯಾಪಾರವೇ ಕಾರಣ ಅಂತ ನನಗನಿಸುತ್ತದೆ.

1949ರಲ್ಲಿ ವಾದ್ಯ ತಯಾರಕ ಮಾರಿಯೊ ಮಕ್ಕಫೆರಿಯ ಪ್ಲಾಸ್ಟಿಕ್ ಯುಕುಲೇಲಿ ಬಂದು ಲಕ್ಷಗಟ್ಟಲೆ ಖರ್ಚಾಯಿತು. ಆಮೇಲೆ ರಾಕ್ ಸಂಗೀತದ ಕಾಲದಲ್ಲಿ ಹಳೆಯ ಕೋವಾ ವಾದ್ಯಗಳು ಅಟ್ಟ ಸೇರಿದವು. 1990ರ ದಶಕದಲ್ಲಿ ಯುಕುಲೇಲಿ ಮತ್ತೆ ಜನಪ್ರಿಯವಾದಾಗ ಅವನ್ನು ಹುಡುಕಿ ಕೆಳಗಿಳಿಸಿದರು.

ಬೆಲೆ ಏರಿದ ಕಡೆ ಮೋಸವೂ ಬರುತ್ತದೆ ಅಲ್ವಾ? ಸಾದಾ ವಾದ್ಯಕ್ಕೆ ಆಮೇಲೆ ಚಿಪ್ಪು ಕೂರಿಸಿ ಮಾರಬಹುದು. ಅದಕ್ಕೇ ತಿಳಿದವರು ಚಿಪ್ಪಿನ ಹೊಳಪಿಗೆ ಮರುಳಾಗುವುದಿಲ್ಲ. ಮೆರುಗೆಣ್ಣೆ ಚಿಪ್ಪಿನ ಮೇಲೂ ಮರದ ಮೇಲೂ ಒಂದೇ ಸಮ ಹಳತಾಗಿದೆಯಾ, ಸಂದಿನಲ್ಲಿ ಹೊಸ ಅಂಟು ಇಣುಕುತ್ತಿದೆಯಾ ಅಂತ ಭೂತಗನ್ನಡಿ ಹಿಡಿದು ನೋಡುತ್ತಾರೆ. ಮೆರುಗು ಮಾಸಿದ್ದರೂ ಪರವಾಗಿಲ್ಲ, ಹೊಸದಾಗಿ ಬಳಿದಿದ್ದರೆ ಬೆಲೆ ಬಿದ್ದಂತೆಯೇ.

ಇಷ್ಟಾಗಿಯೂ ಕೆಲವು ಹಳೇ ಹುಲಿಗಳ ಕಣ್ಣು 5ಕೆ ಮೇಲಿಲ್ಲ. ಅವರು ಹುಡುಕುವುದು 1905ರಲ್ಲಿ ತೀರಿಕೊಂಡ ಸಾಂಟೊ, 1915ರಲ್ಲಿ ತೀರಿಕೊಂಡ ದಿಯಾಸ್ ಕೈಯಾರೆ ಮಾಡಿದ ವಾದ್ಯಗಳನ್ನು. ಒಳಗೆ ಅವರ ಹೆಸರಿನ ಚೀಟಿ ಉಳಿದಿದ್ದರೆ ಸಾಕು, ಚಿಪ್ಪು ಇಲ್ಲದಿದ್ದರೂ ನಡೆಯುತ್ತದೆ.