ಮೊದಲು ಕೇಳಿ, ಆಮೇಲೆ ಪುಸ್ತಕದ ಹೆಸರು ಹೇಳಿ

"ಓದೋದು ಶುರು ಮಾಡಬೇಕು ಅಂತಿದೀನಿ, ಒಂದು ಒಳ್ಳೆ ಪುಸ್ತಕ ಹೇಳಿ" ಎಂದು ಯಾರಾದರೂ ಕೇಳಿದರೆ, ಓದಿನ ಚಟ ಇರುವವರ ಬಾಯಿಗೆ ತಕ್ಷಣ ಬರುವುದು ತಮ್ಮನ್ನು ಅಲ್ಲಾಡಿಸಿದ ಪುಸ್ತಕದ ಹೆಸರು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು', ಭೈರಪ್ಪನವರ 'ಪರ್ವ'. ಎರಡೂ ದೊಡ್ಡ ಕೃತಿಗಳು, ಅದರಲ್ಲಿ ತಕರಾರಿಲ್ಲ. ಆದರೆ ಮೊದಲನೆಯದು ಏಳುನೂರು ಪುಟದ ಆಸುಪಾಸಿನದು. ಹತ್ತಾರು ಪಾತ್ರಗಳು ಒಟ್ಟೊಟ್ಟಿಗೆ ಬರುತ್ತವೆ, ಯಾರ ಬೆನ್ನು ಹತ್ತಬೇಕೆಂದು ಬೇಗ ತಿಳಿಯುವುದಿಲ್ಲ. ಎರಡನೆಯದು ಪಾತ್ರಗಳ ನೆನಪಿನೊಳಗೆ ಹಿಂದೆ ಮುಂದೆ ಓಡಾಡುತ್ತದೆ; ಮಹಾಭಾರತದ ನಂಟಸ್ತಿಕೆಯ ಪರಿಚಯವಿಲ್ಲದವರಿಗೆ ಯಾರು ಯಾರಿಗೆ ಏನಾಗಬೇಕು ಎಂದು ಹೊಂದಿಸಿಕೊಳ್ಳುವುದೇ ಕೆಲಸವಾಗುತ್ತದೆ. ಹೊಸಬರು ಮೂವತ್ತನೆಯ ಪುಟದಲ್ಲಿ ನಿಂತು "ನನಗೆ ಓದು ಹತ್ತಲ್ಲ" ಎಂದು ತೀರ್ಮಾನಿಸಿಬಿಡುತ್ತಾರೆ.

1931ರಲ್ಲಿ ಗ್ರಂಥಪಾಲಕ ಎಸ್.ಆರ್. ರಂಗನಾಥನ್ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದರು. ಗ್ರಂಥಪಾಲಕರೆಲ್ಲ ಓದಿಯೇ ಬಂದಿರುವ ಪಾಠ ಇದು. ಎರಡನೆಯ ಸೂತ್ರ: ಪ್ರತಿ ಓದುಗನಿಗೂ ಅವನ ಪುಸ್ತಕ. ಮೂರನೆಯದು: ಪ್ರತಿ ಪುಸ್ತಕಕ್ಕೂ ಅದರ ಓದುಗ. ನಾಲ್ಕನೆಯದು: ಓದುಗನ ಸಮಯ ಉಳಿಸಿ. ಐದರಲ್ಲಿ ಒಂದರಲ್ಲೂ 'ಒಳ್ಳೆಯ ಪುಸ್ತಕ' ಎಂಬ ಮಾತಿಲ್ಲ ಎನ್ನುವುದನ್ನು ಗಮನಿಸಬೇಕು. ಸಲಹೆ ಕೊಡುವವರ ಕೆಲಸ ಶ್ರೇಷ್ಠತೆಯ ತೀರ್ಪು ಕೊಡುವುದಲ್ಲ, ಜೋಡಿ ಕೂಡಿಸುವುದು. ಅದಕ್ಕೆ ಎದುರಿಗಿರುವವರ ಬಗ್ಗೆ ನಾಲ್ಕು ವಿಷಯ ಗೊತ್ತಿರಬೇಕು. ಐದು ನಿಮಿಷದ ಮಾತು ಸಾಕು.

"ನಿಮಗೆ ಯಾವ ಥರದ ಪುಸ್ತಕ ಇಷ್ಟ?" ಎಂದು ಕೇಳುವುದರಿಂದ ಏನೂ ಪ್ರಯೋಜನವಿಲ್ಲ. ಓದಿಲ್ಲದವರಿಗೆ ಉತ್ತರ ಗೊತ್ತಿರುವುದಿಲ್ಲ. ಗೊತ್ತಿದೆ ಎಂದುಕೊಂಡವರು ಮುಜುಗರಕ್ಕೆ ದೊಡ್ಡ ಹೆಸರೊಂದನ್ನು ಹೇಳುತ್ತಾರೆ. ಬದಲಿಗೆ, ಇತ್ತೀಚೆಗೆ ನಿದ್ದೆಗೆಟ್ಟು ನೋಡಿದ ಸಿನಿಮಾ ಅಥವಾ ಧಾರಾವಾಹಿ ಯಾವುದು ಎಂದು ಕೇಳಿ. ಹೆಸರಿಗಿಂತ ಅದರ ನಂತರದ ಪ್ರಶ್ನೆ ಮುಖ್ಯ: ಅದರಲ್ಲಿ ಏನು ಹಿಡಿಸಿತು? ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಪುಸ್ತಕದೊಳಗೆ ಹೋಗಲು ನಾಲ್ಕು ಬಾಗಿಲುಗಳಿವೆ ಎನ್ನುತ್ತಾರೆ: ಕಥೆ, ಪಾತ್ರ, ಪರಿಸರ, ಭಾಷೆ. ಒಂದೇ ಸಿನಿಮಾ ನೋಡಿದ ನಾಲ್ವರನ್ನು ಕೇಳಿ ನೋಡಿ. "ಮುಂದೇನಾಗುತ್ತೆ ಅಂತ ಕೂತಲ್ಲಿ ಕೂರೋಕಾಗ್ಲಿಲ್ಲ" ಎಂದವರು ಕಥೆಯ ಬಾಗಿಲಿನವರು. "ಆ ಅಜ್ಜಿ ಇದ್ದಾಳಲ್ಲ, ಅವಳೇ ಸಾಕು" ಎಂದವರಿಗೆ ಪಾತ್ರ ಬೇಕು. "ಆ ಕಾಡು, ಆ ಮಳೆ" ಎಂದವರು ಪರಿಸರದವರು. ಡೈಲಾಗ್ ಒಪ್ಪಿಸುವವರು ಭಾಷೆಯವರು. ಕಥೆ ಬಯಸುವವರಿಗೆ ಭಾಷೆಯ ಪುಸ್ತಕ ಕೊಟ್ಟರೆ "ಏನೂ ನಡೆಯೋದೇ ಇಲ್ಲ" ಎನ್ನುತ್ತಾರೆ. ಅವರ ದೂರು ಸರಿಯಾದದ್ದೇ.

ತೇಜಸ್ವಿಯವರ 'ಕರ್ವಾಲೊ' ಹೊಸ ಓದುಗರ ವಿಷಯದಲ್ಲಿ ಪದೇಪದೇ ಕೈ ಹಿಡಿಯುವುದಕ್ಕೆ ಕಾರಣ ಇಲ್ಲೇ ಇದೆ. 1980ರ ಈ ಚಿಕ್ಕ ಕಾದಂಬರಿಯಲ್ಲಿ ನಾಲ್ಕೂ ಬಾಗಿಲು ತೆರೆದಿವೆ: ಹಾರುವ ಓತಿಯ ಹುಡುಕಾಟ ಕಥೆಯನ್ನು ಎಳೆದೊಯ್ಯುತ್ತದೆ, ಮಂದಣ್ಣನಂಥವರು ನೆನಪಿನಲ್ಲಿ ಉಳಿಯುತ್ತಾರೆ, ಕಾಡು ಕಣ್ಣಿಗೆ ಕಟ್ಟುತ್ತದೆ, ಮಾತುಗಳು ನಗಿಸುತ್ತವೆ. ಹಾಗೆಂದು ಅದನ್ನೇ ಎಲ್ಲರಿಗೂ ದಾಟಿಸುವುದು ಸೋಮಾರಿತನ. ಪತ್ತೇದಾರಿ ಕಥೆಯಷ್ಟೇ ಬೇಕು ಎನ್ನುವವರಿಗೆ ಪತ್ತೇದಾರಿಯನ್ನೇ ಕೊಡಿ, ಮುಖ ಗಂಟಿಕ್ಕಬೇಡಿ.

ಎರಡನೆಯ ಪ್ರಶ್ನೆ ಸಮಯದ್ದು. ಯಾವಾಗ ಓದುತ್ತೀರಿ, ಎಷ್ಟು ಹೊತ್ತು? "ಸಮಯ ಸಿಕ್ಕಾಗ" ಎಂಬ ಉತ್ತರವನ್ನು ಒಪ್ಪಿಕೊಳ್ಳಬೇಡಿ. ಬಸ್ಸಿನಲ್ಲೋ, ಮಲಗುವ ಮುಂಚೆಯೋ ಎಂದು ಗೊತ್ತಾಗಲಿ. ಅಭ್ಯಾಸ ತಪ್ಪಿದವರಿಗೆ ಡೆಮಿ 1/8 ಅಳತೆಯ (ಸಾಮಾನ್ಯ ಕಾದಂಬರಿಯ ಗಾತ್ರದ) ಒಂದು ಕನ್ನಡ ಪುಟಕ್ಕೆ ಸುಮಾರು ಎರಡು ನಿಮಿಷ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 20 ನಿಮಿಷ ಎಂದರೆ 10 ಪುಟ. 120 ಪುಟದ ಪುಸ್ತಕ 12 ದಿನದಲ್ಲಿ ಮುಗಿಯುತ್ತದೆ. 700 ಪುಟದ್ದಕ್ಕೆ 70 ದಿನ ಬೇಕು. ಎರಡು ತಿಂಗಳು ದಾಟಿದರೂ ಒಂದೂ ಪುಸ್ತಕ ಮುಗಿಸದವರು ಓದುವುದನ್ನು ಬಿಡುತ್ತಾರೆ, ಎರಡು ವಾರದಲ್ಲಿ ಮುಗಿಸಿದವರು ಇನ್ನೊಂದನ್ನು ಕೇಳಿಕೊಂಡು ಬರುತ್ತಾರೆ. ಹಾಗಾಗಿ ಮೊದಲ ಪುಸ್ತಕ 150 ಪುಟದ ಒಳಗಿರಲಿ, ಅಧ್ಯಾಯಗಳು 8ರಿಂದ 12 ಪುಟದವಾಗಿರಲಿ. ಒಮ್ಮೆ ಕೂತಾಗ ಒಂದು ಅಧ್ಯಾಯ ಮುಗಿಯಬೇಕು. ಬಸ್ಸಿನಲ್ಲಿ ಓದುವವರಿಗೆ ಸಣ್ಣಕಥೆ, ಲಲಿತ ಪ್ರಬಂಧಗಳೇ ವಾಸಿ; ಇಳಿಯುವ ಹೊತ್ತಿಗೆ ಕಥೆ ನಡುವೆ ತುಂಡಾಗುವುದಿಲ್ಲ.

ಮೂರನೆಯದು ಯಾರೂ ಕೇಳದ ಪ್ರಶ್ನೆ: ಕಣ್ಣು ಹೇಗಿದೆ? ನಲವತ್ತು ದಾಟಿದವರು "ಎರಡು ಪುಟಕ್ಕೇ ನಿದ್ದೆ ಬರುತ್ತೆ, ತಲೆ ಭಾರ" ಎಂದರೆ ಅದು ಬಹಳ ಸಲ ಪುಸ್ತಕದ ತಪ್ಪಲ್ಲ, ಚಾಳೀಸು ಬೇಕಾಗಿದೆ. ಹಳೆಯ ಮುದ್ರಣಗಳಲ್ಲಿ ಅಕ್ಷರ ಚಿಕ್ಕದು, ಸಾಲುಗಳು ಒತ್ತೊತ್ತು. ಒತ್ತಕ್ಷರಗಳು ಮೇಲಿನ ಸಾಲಿನಿಂದ ಇಳಿದು ಕೆಳಗಿನ ಸಾಲಿನ ಗುಣಿತಕ್ಕೆ ತಾಗುವಷ್ಟು ಹತ್ತಿರ ಇದ್ದರೆ ಆ ಪ್ರತಿ ಹೊಸ ಓದುಗರಿಗೆ ಬೇಡ. ಅದೇ ಕೃತಿಯ ಹೊಸ ಮುದ್ರಣ ಹುಡುಕಿ, ಅಥವಾ ಅಕ್ಷರ ಹಿಗ್ಗಿಸಲು ಬರುವ ಇ-ಪುಸ್ತಕ ಕೊಡಿ.

ನಾಲ್ಕನೆಯದನ್ನು ನಯವಾಗಿ ಕೇಳಬೇಕು: ಈಗ ಯಾವ ವಿಷಯ ಬೇಡ? ಮನೆಯಲ್ಲಿ ಈಚೆಗೆ ಸಾವಾಗಿರುವವರಿಗೆ ಸಾವಿನ ಕಾದಂಬರಿ ಕೊಟ್ಟು ಅದು ಸಾಂತ್ವನವಾಗುತ್ತದೆ ಎಂದು ಊಹಿಸುವುದು ಅಪಾಯ. ಕೆಲವರಿಗೆ ಆಗುತ್ತದೆ, ಕೆಲವರಿಗೆ ಆಗುವುದಿಲ್ಲ, ಅದನ್ನು ಅವರೇ ಹೇಳಬೇಕು.

ಭಾಷೆಯ ಮಟ್ಟವನ್ನು ಮಾತಿನಲ್ಲಿ ಕೇಳಿ ತಿಳಿಯಲಾಗದು, ಪುಸ್ತಕ ಕೈಗೆ ಕೊಟ್ಟು ನೋಡಬೇಕು. ಮೊದಲ ಪುಟ ಬೇಡ. ಅದನ್ನು ಲೇಖಕರು ಹತ್ತು ಸಲ ತಿದ್ದಿರುತ್ತಾರೆ. ನಡುವಿನಿಂದ ಒಂದು ಪುಟ ತೆಗೆದು ಮನಸ್ಸಿನಲ್ಲೇ ಓದಲು ಹೇಳಿ. ಅರ್ಥವಾಗದ ಪದ ಒಂದೆರಡಿದ್ದರೆ ಚಿಂತೆಯಿಲ್ಲ. ಐದು ದಾಟಿದರೆ ಆ ಪುಸ್ತಕವನ್ನು ಆರು ತಿಂಗಳ ಮಟ್ಟಿಗೆ ಪಕ್ಕಕ್ಕಿಡಿ. ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಪದ ಗೊತ್ತಿದ್ದರೂ ನುಡಿ ಬೇರೆಯಾಗಿರುತ್ತದೆ. ದೇವನೂರ ಮಹಾದೇವರ 'ಕುಸುಮಬಾಲೆ' ಪುಟಗಳ ಲೆಕ್ಕದಲ್ಲಿ ಸಣ್ಣದು, ಆದರೆ ಆ ಆಡುಮಾತಿನ ಲಯ ಕಿವಿಗೆ ಬೀಳದೆ ಕಣ್ಣಿಗೆ ಒಗ್ಗುವುದಿಲ್ಲ. ಇಂಥವನ್ನು ಗಟ್ಟಿಯಾಗಿ ಓದಿಸಿ ನೋಡಿ. ಬಾಯಿಬಿಟ್ಟು ಓದಿದಾಗ ತಿಳಿದರೆ ಕೊಡಬಹುದು. ಮನೆಮಾತು ಕನ್ನಡವಾಗಿದ್ದೂ ಓದಿದ್ದು ಬೇರೆ ಮಾಧ್ಯಮದಲ್ಲಾದ್ದರಿಂದ ಲಿಪಿ ಓದುವುದು ನಿಧಾನವಾಗಿರುವವರಿಗೂ ಇದೇ ದಾರಿ: ಮೊದಲ ಎರಡು ವಾರ ದಿನಕ್ಕೆ ಎರಡು ಪುಟ ಗಟ್ಟಿಯಾಗಿ ಓದುವುದು, ಸಂಭಾಷಣೆ ಹೆಚ್ಚಿರುವ ಪುಸ್ತಕ ಆರಿಸುವುದು. ವಯಸ್ಸಾದವರ ಕೈಗೆ ಮಕ್ಕಳ ಪುಸ್ತಕ ಇಡಬೇಡಿ. ಅಕ್ಷರ ಸುಲಭವಾಗಬಹುದು, ಮನಸ್ಸು ನಿಲ್ಲುವುದಿಲ್ಲ.

ಅನುವಾದವಾದರೆ ಸಂಭಾಷಣೆ ಇರುವ ಪುಟ ತೆರೆಯಿರಿ. ಅಲ್ಲಿನ ಪಾತ್ರಗಳು ಮನುಷ್ಯರು ಮಾತಾಡುವ ಹಾಗೆ ಮಾತಾಡುತ್ತಿಲ್ಲವಾದರೆ ಮೂಲ ಎಷ್ಟೇ ಪ್ರಸಿದ್ಧವಾದರೂ ಬಿಡಿ. ಹೆಸರುವಾಸಿ ಕೃತಿಗಳ ಸಂಕ್ಷಿಪ್ತ ರೂಪಗಳು ಪೂರ್ಣ ಅನುವಾದದ ಪಕ್ಕದಲ್ಲೇ ಕೂತಿರುತ್ತವೆ. ಒಳಪುಟದಲ್ಲಿ 'ಸಂಗ್ರಹಾನುವಾದ' ಎಂದಿದೆಯೇ ನೋಡಿಕೊಳ್ಳಿ.

ಇಷ್ಟಾದ ಮೇಲೆ ಮೂರು ಪುಸ್ತಕ ಮುಂದಿಡಿ. ಒಂದೇ ಕೊಟ್ಟರೆ ಮನೆಪಾಠ ಕೊಟ್ಟಂತಾಗುತ್ತದೆ, ಹತ್ತರ ಪಟ್ಟಿ ಕೊಟ್ಟರೆ ಅದು ಫೋನಿನಲ್ಲೇ ಉಳಿಯುತ್ತದೆ. ಮೂರರಲ್ಲಿ ಒಂದು ಅವರು ಹೇಳಿದ ಬಾಗಿಲಿಗೆ ನೇರ ಹೊಂದುವಂಥದು, ಇನ್ನೊಂದು ಅದೇ ಬಾಗಿಲು ಬೇರೆ ಪ್ರಕಾರ, ಮೂರನೆಯದು ಪೂರ್ತಿ ಬೇರೆ. ಪ್ರತಿಯೊಂದರ ಬಗ್ಗೆ ಎರಡು ವಾಕ್ಯ ಸಾಕು, ಅದೂ ಕಥೆ ಹೇಳದೆ: ವೇಗ ಹೇಗಿದೆ, ನಗು ಇದೆಯೋ ಭಾರ ಇದೆಯೋ, ಎಲ್ಲಿಯವರೆಗೆ ತಾಳ್ಮೆ ಬೇಕು. "ಮೊದಲ ಇಪ್ಪತ್ತು ಪುಟ ನಿಧಾನ, ಆಮೇಲೆ ಹಿಡಿಯುತ್ತದೆ" ಎಂಬ ಒಂದು ಎಚ್ಚರಿಕೆ ಹೇಳಿದ್ದರೆ ಎಷ್ಟೋ ಪುಸ್ತಕಗಳು ಅರ್ಧಕ್ಕೇ ಮರಳಿ ಬರುವುದಿಲ್ಲ. "ಇದನ್ನು ಓದಲೇಬೇಕು" ಎನ್ನಬೇಡಿ. ಹಿಡಿಸದಿದ್ದರೆ ಅವರಿಗೆ ನಿಮ್ಮ ಮುಖ ನೋಡಲು ಸಂಕೋಚವಾಗುತ್ತದೆ, ಮುಂದೆ ಕೇಳುವುದೇ ಇಲ್ಲ.

ಬಿಡುವ ಅನುಮತಿಯನ್ನೂ ಜೊತೆಗೇ ಕೊಡಬೇಕು. ಪರ್ಲ್ ಅವರದೇ ಲೆಕ್ಕ: 50 ಪುಟ ಓದಿ, ಹಿಡಿಸದಿದ್ದರೆ ಬಿಡಿ, ವಯಸ್ಸು 50 ದಾಟಿದ್ದರೆ ನೂರರಿಂದ ವಯಸ್ಸು ಕಳೆಯಿರಿ, ಅಷ್ಟು ಪುಟ ಓದಿದರೆ ಸಾಕು. 70 ವರ್ಷದವರಿಗೆ 30 ಪುಟ. 120 ಪುಟದ ಪುಸ್ತಕಕ್ಕೆ 50 ಪುಟ ಜಾಸ್ತಿಯಾಯಿತು, ಅಲ್ಲಿ 20 ಸಾಕು ಎಂಬುದು ನಮ್ಮ ತಿದ್ದುಪಡಿ.

ಪುಸ್ತಕ ಅರ್ಧಕ್ಕೆ ಮರಳಿ ಬಂದಾಗಲೇ ಸಲಹೆಗಾರರ ನಿಜವಾದ ಕೆಲಸ ಶುರುವಾಗುವುದು. "ಹೇಗಿತ್ತು?" ಎಂದು ಕೇಳಿದರೆ "ಚೆನ್ನಾಗಿತ್ತು" ಎಂಬ ಸುಳ್ಳು ಬರುತ್ತದೆ. "ಎಷ್ಟನೆಯ ಪುಟದಲ್ಲಿ ನಿಂತಿತು?" ಎಂದು ಕೇಳಿ. ಉತ್ತರದಲ್ಲೇ ಕಾರಣ ಇರುತ್ತದೆ. ಹತ್ತು ಹದಿನೈದು ಪುಟದೊಳಗೆ ನಿಂತಿದ್ದರೆ ಭಾಷೆ, ಅಕ್ಷರ, ಅಥವಾ ಒಮ್ಮೆಲೇ ಮೇಲೆ ಬಿದ್ದ ಹೆಸರುಗಳು ಕಾರಣ. ಕೆಲವೊಮ್ಮೆ ಮುನ್ನುಡಿಯೂ ಹೌದು. ನಮ್ಮಲ್ಲಿ ಮುನ್ನುಡಿಗಳು ಇಪ್ಪತ್ತು ಪುಟ ಹರಿದು ಕಥೆಯ ಕೊನೆಯನ್ನೂ ಹೇಳಿಬಿಡುತ್ತವೆ. ಅದನ್ನು ಕೊನೆಗೆ ಓದಿ ಎಂದು ಕೊಡುವಾಗಲೇ ಹೇಳಬೇಕಿತ್ತು. ನಲವತ್ತರಿಂದ ಎಪ್ಪತ್ತರ ನಡುವೆ ನಿಂತಿದ್ದರೆ ಬಾಗಿಲು ತಪ್ಪಿದೆ: ಭಾಷೆ ತೊಡಕಾಗಿಲ್ಲ, ಆಸೆ ಹುಟ್ಟಿಲ್ಲ. ಇದಕ್ಕೆ ಇನ್ನೂ ಸುಲಭದ ಪುಸ್ತಕ ಮದ್ದಲ್ಲ, ಬೇರೆ ಥರದ್ದು ಬೇಕು. ನೂರು ದಾಟಿ ನಿಂತಿದ್ದರೆ ಬಹುಪಾಲು ಪುಸ್ತಕದ ದೋಷವೇ ಇಲ್ಲ. ಮದುವೆಯೋ ಜ್ವರವೋ ಪರೀಕ್ಷೆಯೋ ನಡುವೆ ಬಂದು ಹದಿನೈದು ದಿನ ಬಿಟ್ಟುಹೋಗಿದೆ, ಹೆಸರುಗಳು ಮರೆತಿವೆ, ಮೊದಲಿನಿಂದ ಶುರುಮಾಡಲು ಬೇಸರ. ಅಂಥವರು ನಿಂತ ಕಡೆಯಿಂದ ಒಂದು ಅಧ್ಯಾಯ ಹಿಂದೆ ಹೋಗಿ ಓದಲಿ. ಗುರುತಿಗೆ ಇಡುವ ಚೀಟಿಯ ಮೇಲೆ ಪಾತ್ರಗಳ ಹೆಸರು, ಯಾರು ಯಾರಿಗೆ ಏನಾಗಬೇಕು ಎಂದು ಬರೆದುಕೊಳ್ಳಲಿ. ದೊಡ್ಡ ಕಾದಂಬರಿಗಳಿಗೆ ಈ ಚೀಟಿ ಹಳೆಯ ಓದುಗರಿಗೂ ಬೇಕು.

ಪ್ರಶಸ್ತಿಯ ಸುದ್ದಿ ಬಂದಾಗ ಓದು ಶುರುಮಾಡುವವರು ಬಹಳ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ದೀಪಾ ಭಾಸ್ತಿ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಹೀಗೇ ಆಯಿತು. ಕಥಾಸಂಕಲನವಾದ್ದರಿಂದ ಉದ್ದದ ತೊಂದರೆ ಇಲ್ಲ, ಆದರೆ ವಸ್ತು ಭಾರದ್ದು. ದಿನಕ್ಕೊಂದೇ ಕಥೆ, ಕ್ರಮ ಬೇಕಿಲ್ಲ ಎಂದು ಹೇಳಿ ಕೊಟ್ಟರೆ ಓದು ಮುಂದುವರಿಯುತ್ತದೆ.

ಸರಣಿ ಪುಸ್ತಕಗಳಲ್ಲಿ ಮೊದಲನೆಯದರಿಂದಲೇ ಶುರುಮಾಡಬೇಕೆಂಬ ಹಟ ಬೇಡ. ಷರ್ಲಾಕ್ ಹೋಮ್ಸ್‌ನ ಕಥೆಗಳು 56, ಕಾದಂಬರಿಗಳು 4. 1887ರ ಮೊದಲ ಕಾದಂಬರಿ ನಡುವಿನಲ್ಲಿ ಹೋಮ್ಸ್‌ನನ್ನೇ ಬಿಟ್ಟು ಅಮೆರಿಕದ ಮರುಭೂಮಿಗೆ ಹೋಗುತ್ತದೆ. ಹೊಸಬರು ಅಲ್ಲೇ ಕೈಬಿಡುತ್ತಾರೆ. 1892ರ ಮೊದಲ ಕಥಾಸಂಕಲನದಲ್ಲಿ 12 ಕಥೆಗಳಿವೆ. ಅಲ್ಲಿಂದ ಶುರುವಾಗಲಿ.

"ಕಥೆ ಬೇಡ, ಉಪಯೋಗವಾಗುವಂಥದು ಕೊಡಿ" ಎನ್ನುವವರನ್ನು ನೇರ ಯಶಸ್ಸಿನ ಸೂತ್ರಗಳ ಪುಸ್ತಕಕ್ಕೆ ಕಳಿಸುವುದು ವಾಡಿಕೆ. ಅವುಗಳಲ್ಲಿ ಬಹಳಷ್ಟು ಒಂದೇ ವಿಚಾರವನ್ನು ಇನ್ನೂರು ಪುಟಕ್ಕೆ ಎಳೆದವು. ಆತ್ಮಕಥೆ, ಪ್ರವಾಸ ಕಥನ, ಒಂದು ಕಸುಬಿನ ಒಳಗನ್ನು ತೋರಿಸುವ ಬರಹ ಇವರಿಗೆ ಹೆಚ್ಚು ಒಗ್ಗುತ್ತವೆ. ಇವನ್ನು ಮೊದಲಿನಿಂದ ಕೊನೆವರೆಗೆ ಓದಬೇಕಿಲ್ಲ, ಪರಿವಿಡಿ ನೋಡಿ ಬೇಕಾದ ಅಧ್ಯಾಯ ತೆರೆಯಬಹುದು ಎಂದು ತಿಳಿಸಿ. ಆರೋಗ್ಯ, ಕಾನೂನು, ಹಣಕಾಸಿನ ಪುಸ್ತಕವಾದರೆ ಮುದ್ರಣದ ವರ್ಷವನ್ನಲ್ಲ, ಪರಿಷ್ಕರಣೆಯ ವರ್ಷವನ್ನು ನೋಡಿ. ಹತ್ತನೆಯ ಮುದ್ರಣ ಎಂದರೆ ಹತ್ತು ಸಲ ತಿದ್ದಿದ್ದಾರೆ ಎಂದರ್ಥವಲ್ಲ.

ಎರಡನೆಯ ಪುಸ್ತಕ ಕೇಳಿಕೊಂಡು ಬಂದವರಿಗೆ ಅದೇ ಲೇಖಕರ ಇನ್ನೊಂದನ್ನು ಕೊಡುವ ಮುನ್ನ, ಮೊದಲನೆಯದರಲ್ಲಿ ಯಾವ ಭಾಗವನ್ನು ಇನ್ನೊಮ್ಮೆ ಓದಿದಿರಿ ಎಂದು ಕೇಳಿ. ಲೇಖಕರು ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇರುತ್ತಾರೆ. ಮರಳಿ ಓದಿದ್ದು ಬೇಟೆಯ ಅಧ್ಯಾಯವಾದರೆ ಒಂದು ದಾರಿ, ಗಂಡ ಹೆಂಡತಿಯ ಜಗಳವಾದರೆ ಇನ್ನೊಂದು. ಪುಸ್ತಕದ ಹೆಸರು, ಮುಗಿಸಿದ ಅಥವಾ ನಿಲ್ಲಿಸಿದ ಪುಟ, ಇಷ್ಟವಾದ ಭಾಗ ಎಂದು ಮೂರು ಅಂಕಣ ಮಾಡಿ ಓದುಗರ ಹೆಸರಿನಲ್ಲೇ ಒಂದು ಹಾಳೆ ಇಟ್ಟುಕೊಂಡರೆ, ನಾಲ್ಕೈದು ಪುಸ್ತಕವಾಗುವಷ್ಟರಲ್ಲಿ ಅವರ ರುಚಿ ನಿಮಗಿಂತ ಮೊದಲು ಅವರಿಗೇ ಗೊತ್ತಾಗಿರುತ್ತದೆ.